ಉಗುರಿನ ಅಳತೆ

"ಗುರುಗಳೇ, ಕಲ್ಲಿಗೆ ಎಷ್ಟು ಪೌಂಡು ಗಾಳಿ ಇಡಬೇಕು?"

ಕೇಳಿದವನು ದುರುಗೇಶ. ಮಾರೆಪ್ಪ ಮೇಸ್ತ್ರಿಯ ಬಳಿ ಕೆಲಸಕ್ಕೆ ಸೇರಿ ಅವನಿಗೆ ಎರಡು ವರ್ಷವಾಗಿತ್ತು. ಗಾಳಿಯ ಒತ್ತಡದಿಂದ ಮರಳು ಚಿಮ್ಮಿಸಿ ಕಬ್ಬಿಣದ ತುಕ್ಕು, ಗೋಡೆಯ ಹಳೆಯ ಬಣ್ಣ ತೆಗೆಯುವುದು ಅವರ ಕಸುಬು. ದುರುಗೇಶನ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿತ್ತು. ಕಬ್ಬಿಣಕ್ಕೆ ನೂರು ಪೌಂಡು, ಕಾಂಕ್ರೀಟಿಗೆ ಅರವತ್ತು, ಇಟ್ಟಿಗೆಗೆ ನಲವತ್ತು, ಮರಕ್ಕೆ ಮೂವತ್ತು ಎಂದು ಅದರಲ್ಲಿ ಬರೆದುಕೊಂಡಿದ್ದ. ಕೊನೆಗೆ ಕಲ್ಲು ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದ. ಮರುದಿನ ಅವರು ಒಂದು ಹಳೆಯ ಕಲ್ಲುಸೇತುವೆಯ ಕೆಲಸ ಹಿಡಿಯುವವರಿದ್ದರು.

"ಯಾವ ಕಲ್ಲಿಗೆ?" ಎಂದರು ಮೇಸ್ತ್ರಿ.

"ಕಲ್ಲು ಅಂದ್ರೆ ಕಲ್ಲೇ ಅಲ್ವಾ ಗುರುಗಳೇ? ಒಂದು ನಂಬರ್ ಹೇಳಿಬಿಡಿ, ಬರ್ಕೊಂತೀನಿ."

ಮೇಸ್ತ್ರಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅವತ್ತು ಅವರು ಬೈಯಲಿಲ್ಲ. ಬೋರಲು ಹಾಕಿದ್ದ ಬಣ್ಣದ ಡಬ್ಬಿಯ ಮೇಲೆ ಕೂತರು. ಎದುರಿನ ಡಬ್ಬಿಯನ್ನು ಕಾಲಿನಿಂದಲೇ ಶಿಷ್ಯನತ್ತ ತಳ್ಳಿದರು.

"ಪೆನ್ನು ಮುಚ್ಚು, ಕಿವಿ ತೆರೆ. ನನ್ನ ಕೈಗೆ ಈ ಪೈಪು ಕೊಟ್ಟು ಕೆಲಸ ಕಲಿಸಿದವನು ಹೊನ್ನೂರಪ್ಪ. ಅವನ ಕತೆ ಹೇಳುತ್ತೇನೆ. ಕೇಳಿದ ಮೇಲೂ ಬರೆದುಕೊಳ್ಳುವ ಆಸೆ ಉಳಿದಿದ್ದರೆ ಬರೆದುಕೋ, ನಾನು ಬೇಡ ಅನ್ನುವುದಿಲ್ಲ."

ಮೇಸ್ತ್ರಿ ಹೇಳಿದ ಕತೆ ಇದು.

ಹೊಳೆಯ ಆಚೆ ದಡದಲ್ಲಿ ಒಂದು ಊರು. ಊರಿನ ಹೆಸರು ನಿನಗೆ ಬೇಡ. ಹೆಸರು ಸಿಕ್ಕರೆ ಹೋಗಿ ನೋಡಿಬರುವ ಚಪಲ ನಿನಗೆ. ಆ ಊರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಅವನ ಹೆಂಡತಿ ಹಂಪಮ್ಮ. ಇಬ್ಬರಿಗೂ ಒಬ್ಬಳೇ ಮಗಳು, ಸೋಮಕ್ಕ.

ಅವನು ದೇವರನ್ನು ಕೆತ್ತುವ ಶಿಲ್ಪಿಯಲ್ಲ ತಮ್ಮಾ. ಒರಳು, ಗುಂಡುಕಲ್ಲು, ಬೀಸುವ ಕಲ್ಲು, ಅಷ್ಟೇ ಅವನ ವಿದ್ಯೆ. ಬೀಸುವ ಕಲ್ಲು ಬಳಸಿ ಬಳಸಿ ನುಣುಪಾದರೆ ಕಾಳು ಹಿಟ್ಟಾಗುವುದಿಲ್ಲ, ಸುಮ್ಮನೆ ಜಾರುತ್ತದೆ. ಆಗ ಅದರ ಮೈಗೆ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆಯಬೇಕು. ಗಂಡ ಒರಳು ಕಡೆಯುತ್ತಾ ಕೂತರೆ ಈ ಕೆಲಸಕ್ಕೆ ಹಂಪಮ್ಮ ಮನೆಮನೆಗೆ ಹೋಗುತ್ತಿದ್ದಳು. ಹೋದವಳು ಮೊದಲು ಕಣ್ಣು ಮುಚ್ಚಿ ಕಲ್ಲಿನ ಮೇಲೆ ಬೆರಳಾಡಿಸುವಳು. "ಈ ಏಟು ನಂದು, ಇದು ನನ್ನ ಗಂಡಂದು, ಇದ್ಯಾವನೋ ಸಂತೆಯವನು ಹೊಡೆದದ್ದು" ಅನ್ನುವಳು. ಮನೆಯ ಹೆಂಗಸರು ನಗುವರು. "ಕಲ್ಲಿಗೂ ಕೈಬರಹ ಇರ್ತೈತೇನೇ ಹಂಪಮ್ಮ?" ಅಂತ ಕೇಳುವರು. "ಇರ್ತೈತೆ" ಅಂತ ಹೇಳಿ ಅವಳು ಉಳಿ ಎತ್ತಿಕೊಳ್ಳುವಳು.

ಒಂದು ಬೇಸಿಗೆಯಲ್ಲಿ ಆ ಊರಿಗೆ ವಾಂತಿಭೇದಿ ಬಂತು. ಎಂಥ ಕಾಯಿಲೆ ಅಂತೀಯ! ಬೆಳಿಗ್ಗೆ ನಡೆದಾಡಿದವನನ್ನು ಸಂಜೆಗೆ ಹೊತ್ತುಕೊಂಡು ಹೋಗುವರು. ಕಾಯಿಲೆ ಬಂದ ಮನೆಯ ಹೊಸ್ತಿಲನ್ನು ಸ್ವಂತ ಅಣ್ಣತಮ್ಮಂದಿರೂ ದಾಟಲಿಲ್ಲ. ದಾಟಿದವಳು ಸೋಮಕ್ಕ ಒಬ್ಬಳೇ. ಆಗ ಅವಳಿಗೆ ಹತ್ತೊಂಬತ್ತು ವರ್ಷ. ತಾಯಿ ಬೇಡವೆಂದು ಕೈ ಹಿಡಿದಳು. ಅವಳು ಬಿಡಿಸಿಕೊಂಡು ಹೋದಳು. ಮನೆಯ ಒರಳಿನಲ್ಲಿ ಅಕ್ಕಿ ಕುಟ್ಟಿ ಗಂಜಿ ಕಾಯಿಸಿ, ಉಪ್ಪು ಹಾಕಿ, ಮನೆಮನೆಗೆ ಒಯ್ದು ಕುಡಿಸಿದಳು.

ಅಂಥ ಒಂದು ಮನೆಯಲ್ಲಿ ಎಂಟು ವರ್ಷದ ಹೊನ್ನೂರ ಬಿದ್ದಿದ್ದ. ಅವನ ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ಆರು ದಿನ ಅವನ ಬಾಯಿಗೆ ಗಂಜಿ ಹಾಕಿದವಳು ಸೋಮಕ್ಕ. ಆ ಆರು ದಿನದಲ್ಲಿ ಅವನಿಗೆ ನೆನಪಿದ್ದದ್ದು ಒಂದೇ. ಅವಳ ಬಲಗೆನ್ನೆಯ ಮೇಲೆ ಸಿಡುಬಿನ ಒಂದು ಗುಳಿ ಇತ್ತು. ಮುಖದಲ್ಲೆಲ್ಲ ಒಂದೇ ಒಂದು, ಎಳ್ಳಿನಷ್ಟು. "ಕುಡಿ" ಅಂತ ಅವಳು ಬಗ್ಗಿದಾಗಲೆಲ್ಲ ಆ ಗುಳಿ ಅವನ ಕಣ್ಣಿನ ಎದುರಿಗೆ ಬರುತ್ತಿತ್ತು. ಅದನ್ನೇ ನೋಡುತ್ತಾ ಅವನು ಕುಡಿದ, ಬದುಕಿದ.

ಏಳನೆಯ ದಿನ ಅವನು ಎದ್ದು ಕೂತ. ಅದೇ ದಿನ ಸೋಮಕ್ಕ ಮಲಗಿದಳು, ಮತ್ತೆ ಏಳಲಿಲ್ಲ.

ಹೊನ್ನೂರನನ್ನು ಸೋದರಮಾವ ಬಂದು ತನ್ನ ಊರಿಗೆ ಕರೆದುಕೊಂಡು ಹೋದ. ಇತ್ತ ಕಲ್ಲುಕುಟಿಗ ಒಂದು ತಿಂಗಳು ಉಳಿ ಮುಟ್ಟಲಿಲ್ಲ. ಮಗಳ ಫೋಟೊ ಒಂದೂ ಇರಲಿಲ್ಲ. ಆ ಕಾಲದಲ್ಲಿ ಅಂಥವರ ಮನೆಯಲ್ಲಿ ಎಲ್ಲಿಯ ಫೋಟೊ? ಒಂದು ದಿನ ಗಾಡಿ ಕಟ್ಟಿಕೊಂಡು ಎಲ್ಲಿಗೋ ಹೋದವನು ಒಂದು ಕಲ್ಲು ತಂದ. ಜನ್ಮದಲ್ಲಿ ಒರಳು ಬಿಟ್ಟು ಬೇರೆ ಮಾಡದವನು ಆರು ತಿಂಗಳು ಕೂತು ಮಗಳ ಮುಖ ಮಾಡಿದ. ಬಲಗೆನ್ನೆಯ ಗುಳಿಯನ್ನೂ ಬಿಡಲಿಲ್ಲ. ಅವಳು ಅಕ್ಕಿ ಕುಟ್ಟುತ್ತಿದ್ದ ಒರಳನ್ನೇ ಬೀದಿಯ ಕೊನೆಯಲ್ಲಿ ಬೋರಲು ಹಾಕಿ, ಅದರ ಮೇಲೆ ಮುಖವನ್ನು ನಿಲ್ಲಿಸಿದ. ಹಂಪಮ್ಮ ಮುಖದ ಮೇಲೆ ಬೆರಳಾಡಿಸಿ ಗುಳಿಯ ಹತ್ತಿರ ಬಂದಾಗ ಅಲ್ಲೇ ಕುಸಿದು ಕೂತಳಂತೆ. ಅವಳೇ ಅಂತೆ, ಥೇಟು ಅವಳೇ.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಊರಿನ ಪ್ರೀತಿ ಬಿಡಬೇಕಲ್ಲ! ಬದುಕಿ ಉಳಿದವರು ಬಂದು ಕಲ್ಲಿನ ಮುಂದೆ ದೀಪ ಹಚ್ಚಿದರು. ಆ ಮೇಲೆ ಎಣ್ಣೆ, ಅರಿಸಿನ. ಸೋಮಕ್ಕ ಹೋಗಿ ಸೋಮಕ್ಕಮ್ಮ ಆದಳು. ಹಿಂದೆ ಗೋಡೆ ಕಟ್ಟಿ, ಕಲ್ಲಿನ ಬೆನ್ನನ್ನು ಗಾರೆಯಲ್ಲಿ ಹುಗಿದು ಗೂಡು ಮಾಡಿದರು. ಎಣ್ಣೆಯ ಜಿಡ್ಡು ಕಪ್ಪಾಯಿತು ಅಂತ ಸುಣ್ಣ ಬಳಿದರು. ಸುಣ್ಣ ಸಪ್ಪೆಯಾಯಿತು ಅಂತ ಬಣ್ಣ ಹಚ್ಚಿದರು. ಹರಕೆ ಹೊತ್ತವರು ವರ್ಷಕ್ಕೊಬ್ಬರು. ಒಬ್ಬ ಹಳದಿ ಹಚ್ಚಿದರೆ ಮುಂದಿನ ವರ್ಷದವನು ಗುಲಾಬಿ. ಕೆಳಗಿನ ಒರಳಿಗೂ ಅದೇ, ಮೇಲಿನ ಮುಖಕ್ಕೂ ಅದೇ. ಯಾರೋ ಬೆಳ್ಳಿಯ ಕಣ್ಣು ತಂದು ಅಂಟಿಸಿದರು. ಮೂವತ್ತು ವರ್ಷದಲ್ಲಿ ಮೂವತ್ತು ಪದರ. ಕೊನೆಗೆ ಅಲ್ಲಿ ಉಳಿದದ್ದು ಒಂದು ಉಂಡೆ, ಎರಡು ಬೆಳ್ಳಿಯ ಕಣ್ಣು. ಯಾರ ಮುಖವೂ ಅಲ್ಲ ಅದು.

ಕಲ್ಲುಕುಟಿಗ ಕಾಲವಾದ. ಹಂಪಮ್ಮನಿಗೆ ಎಪ್ಪತ್ತು ದಾಟಿತು. ಕಣ್ಣಿನ ನರ ಸೊರಗಿದೆ, ಇನ್ನೊಂದು ವರ್ಷದಲ್ಲಿ ಪೂರ್ತಿ ಕತ್ತಲು, ಇದಕ್ಕೆ ಆಪರೇಷನ್ ಇಲ್ಲ ಅಂತ ಡಾಕ್ಟರು ಹೇಳಿದರು. ಆಗಲೇ ಅವಳಿಗೆ ಎಲ್ಲ ಮಂಜು ಮಂಜು.

ಅಷ್ಟು ಹೊತ್ತಿಗೆ ಹೊನ್ನೂರ ಹೋಗಿ ಹೊನ್ನೂರಪ್ಪ ಆಗಿದ್ದ. ಈ ಕೆಲಸದಲ್ಲಿ ಅವನನ್ನು ಮೀರಿಸುವವರು ನಾಲ್ಕು ಜಿಲ್ಲೆಯಲ್ಲಿ ಇರಲಿಲ್ಲ. ಅಣೆಕಟ್ಟಿನ ಗೇಟು, ಕಾರ್ಖಾನೆಯ ಟ್ಯಾಂಕು, ರೈಲಿನ ಸೇತುವೆ, ಎಲ್ಲಕ್ಕೂ ಅವನೇ ಬೇಕು. ದೊಡ್ಡ ದೊಡ್ಡ ಇಂಜಿನಿಯರುಗಳು ಅವನನ್ನು ಕೇಳಿ ಪ್ರೆಶರು ಬರೆದುಕೊಳ್ಳುವರು. ನಿನ್ನ ಹಾಗೆ ಅವನ ಹತ್ತಿರವೂ ಒಂದು ಪುಸ್ತಕ ಇತ್ತು, ತಿಳಿಯಿತಾ? ನಿನ್ನದಕ್ಕಿಂತ ದಪ್ಪ.

ಅವನು ವರ್ಷಕ್ಕೊಮ್ಮೆ ಆ ಊರಿಗೆ ಹೋಗಿ ಸೋಮಕ್ಕಮ್ಮನಿಗೆ ದೀಪ ಹಚ್ಚಿ ಬರುತ್ತಿದ್ದ. ಆ ವರ್ಷ ಹೋದಾಗ ಹಂಪಮ್ಮ ಅವನ ಕೈ ಹಿಡಿದುಕೊಂಡಳು.

"ಹೊನ್ನೂರಾ, ನನಗೆ ಸೋಮಿ ಮುಖ ಮರೀತಾ ಐತಪ್ಪ" ಅಂದಳು. "ಮೊದಲೆಲ್ಲ ಕಣ್ಣು ಮುಚ್ಚಿದರೆ ಬರ್ತಿದ್ಲು. ಈಗ ಕಣ್ಣು ಮುಚ್ಚಿದರೆ ಆ ಬೆಳ್ಳಿ ಕಣ್ಣಿನದೇ ಬಂದು ನಿಲ್ತೈತೆ. ಊರವರ ದೇವರು ನನ್ನ ಮಗಳನ್ನ ನುಂಗಿಬಿಡ್ತು. ನಿನಗೆ ಬಣ್ಣ ಬಿಡಿಸೋದು ಗೊತ್ತಂತಲ್ಲ. ಪೂರ್ತಿ ಕುರುಡಿ ಆಗೋದರೊಳಗೆ ಒಂದು ಸಲ ಅವಳನ್ನ ತೋರಿಸ್ತೀಯಾ?"

ಹೆತ್ತ ಮಗಳು ಸತ್ತದ್ದು ಒಂದು ಸಾವು. ಅವಳ ಮುಖ ಮರೆತುಹೋಗುವುದು ಇನ್ನೊಂದು. ಎರಡನೆಯದಕ್ಕೆ ಅಳಲು ಯಾರೂ ಬರುವುದಿಲ್ಲ. ಹೊನ್ನೂರಪ್ಪ ಗೂಡಿನ ಮುಂದೆ ನಿಂತು, ಗಂಜಿ ಕುಡಿದ ಬಾಯಿಯಾಣೆ ತೋರಿಸುತ್ತೇನೆ ಅಂದ. ಊರಿನ ಹಿರಿಯರನ್ನು ಕೇಳಿದ. ಹಳೆಯ ಬಣ್ಣ ಹೋದರೆ ಹೊಸದು ಹಚ್ಚಬಹುದಲ್ಲ ಅಂತ ಅವರೂ ಒಪ್ಪಿದರು.

ಮುಂದಿನ ಮಂಗಳವಾರ ಅವನು ಕಂಪ್ರೆಸರನ್ನು ಟ್ರಾಕ್ಟರಿಗೆ ಕಟ್ಟಿಕೊಂಡು ಬಂದ. ಒಬ್ಬನೇ ಬಂದ. ಈ ಕೆಲಸಕ್ಕೆ ಬೇರೆಯವರ ಕೈ ತಗಲಬಾರದು ಅಂತ ಅವನ ಹಟ. ಹೊಳೆಯ ಮರಳು ಒರಟು ಅಂತ ನಯವಾದ ಗಾರ್ನೆಟ್ ಮರಳು ತಂದಿದ್ದ. ಬೆಳಿಗ್ಗೆ ಸ್ನಾನ ಮಾಡಿ, ಉಪವಾಸ ಇದ್ದು, ದೀಪ ಹಚ್ಚಿ, ಬೆಳ್ಳಿಯ ಕಣ್ಣನ್ನು ಬಿಡಿಸಿ ಬಟ್ಟೆಯಲ್ಲಿ ಕಟ್ಟಿಟ್ಟ. ಪೈಪು ಜೋಡಿಸುವಾಗ ಹಂಪಮ್ಮ ಪಕ್ಕಕ್ಕೆ ಬಂದು ನಿಂತಳು.

"ಜೋರಾಗಿ ಹೊಡಿಯಲ್ಲ ತಾನೆ?" ಅಂದಳು.

"ಗೇಟಿಗೆ ನೂರು ಪೌಂಡು ಇಡ್ತೀನವ್ವ. ಇದಕ್ಕೆ ನಲವತ್ತೇ. ನೀನು ಹೆದರಬ್ಯಾಡ."

ಪೌಂಡು ಅವಳಿಗೆ ಏನು ಗೊತ್ತು? ಅವಳು ತಲೆಯಾಡಿಸಿದಳು. ಮತ್ತೆ ಹೇಳಿದಳು. "ಕೊನೆ ಕೊನೆಗೆ ನನ್ನ ಗಂಡ ಉಳಿ ಮುಟ್ಟಲಿಲ್ಲ ನೋಡು. ಕೆನ್ನೆ, ತುಟಿ ಎಲ್ಲ ಉಗುರಿನಲ್ಲೇ ತೀಡಿದ."

"ಹೂನವ್ವ, ಮಗಳು ಅಂದ್ರೆ ಹಂಗೇ" ಅಂದ ಹೊನ್ನೂರಪ್ಪ. ಅವನ ಕಣ್ಣು ತುಂಬಿ ಬಂತು. "ನೀನು ಬೇವಿನ ಮರದ ಕೆಳಗೆ ಕೂತ್ಕೋ. ಧೂಳು ಕಣ್ಣಿಗೆ ಬಿದ್ದೀತು."

ಅವಳು ಹೋಗಿ ಕೂತಳು.

ದುರುಗೇಶ, ಇಲ್ಲಿ ನಿಂತು ಯೋಚನೆ ಮಾಡು. ಆಕೆ ಹೇಳಿದ್ದು ಪ್ರೀತಿಯ ಮಾತಲ್ಲ, ಅಳತೆ. ಉಗುರಿಗೆ ಬಗ್ಗುವ ಕಲ್ಲು ಯಾವುದು? ಬಳಪದ ಕಲ್ಲು. ಇವನು ತಾಯಿಯ ದುಃಖ ಕೇಳಿಸಿಕೊಂಡ, ಲೆಕ್ಕ ಕೇಳಿಸಿಕೊಳ್ಳಲಿಲ್ಲ. ಲೆಕ್ಕ ಅಂದರೆ ಪೌಂಡಿನಲ್ಲೇ ಬರಬೇಕು ಅಂತ ಅವನ ತಲೆಯಲ್ಲಿ ಕೂತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಡ ಅಂತ ನಾವೇ ದಿನಕ್ಕೆ ಹತ್ತು ಸಲ ಗಾದೆ ಹೇಳುತ್ತೇವೆ. ಆ ಗಾದೆ ಎದುರಿಗೆ ಬಂದು ನಿಂತರೆ ಗುರುತು ಹಿಡಿಯುವುದಿಲ್ಲ.

ಹಾಗಂತ ಅವನು ಉಡಾಫೆ ಮಾಡಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಕಸುಬಿನ ಮೊದಲ ನಿಯಮ ಏನು? ಮೊದಲು ಮರೆಯಾದ ಜಾಗದಲ್ಲಿ ಅಂಗೈಯಗಲ ಹೊಡೆದು ನೋಡು, ಆಮೇಲೆ ಮುಂದುವರಿ. ಅವನಿಗೆ ಆ ನಿಯಮ ಉಸಿರಾಟದ ಹಾಗೆ. ಆದರೆ ಬೆನ್ನು ಗಾರೆಯಲ್ಲಿ ಹುಗಿದಿತ್ತು. ಉಳಿದದ್ದು ಮೇಲಿನ ಮುಖ, ಕೆಳಗಿನ ಪೀಠ. ಹೊಡೆದು ನೋಡುವುದಕ್ಕೆ ಯಾರಾದರೂ ದೇವಿಯ ಮುಖ ಆರಿಸಿಕೊಳ್ಳುತ್ತಾರಾ? ಅದೂ ಅನ್ನ ಕೊಟ್ಟವಳ ಮುಖ! ಅವನು ಪೀಠಕ್ಕೆ ಹಣೆ ಮುಟ್ಟಿಸಿ, ತಪ್ಪಾದರೆ ಕ್ಷಮಿಸು ತಾಯಿ ಅಂತ ಹೇಳಿ, ಅಲ್ಲೇ ಹೊಡೆದು ನೋಡಿದ.

ನಲವತ್ತು ಪೌಂಡಿಗೆ ಬಣ್ಣ ಹೋಯಿತು, ಸುಣ್ಣ ಹೋಯಿತು. ಒಳಗಿನ ಕಲ್ಲು ಅಲುಗಲಿಲ್ಲ. ಹಳೆಯ ಉಳಿಯ ಗುರುತು ಕೂಡ ಹಾಗೇ ಇತ್ತು. ಅವನಿಗೆ ಖುಷಿಯಾಯಿತು. ಅದು ಗಟ್ಟಿ ಕರಿಕಲ್ಲಿನ ಒರಳು, ಬೋರಲು ಬಿದ್ದಿದ್ದು. ಅದು ಅವನಿಗೆ ಹೇಗೆ ಗೊತ್ತಾಗಬೇಕು? ಪೀಠ ಇಡುವ ಹೊತ್ತಿಗೆ ಅವನು ಮಾವನ ಊರಿನಲ್ಲಿದ್ದ. ಬರುವ ಹೊತ್ತಿಗೆ ಎರಡಕ್ಕೂ ಒಂದೇ ಬಣ್ಣ ಬಳಿದಾಗಿತ್ತು. ಕೇಳಿದ್ದರೆ ಗೊತ್ತಾಗುತ್ತಿತ್ತು. ಹೇಳುವವಳು ಹತ್ತು ಮಾರು ದೂರದಲ್ಲಿ ಬೇವಿನ ಮರದ ಕೆಳಗೆ ಕೂತಿದ್ದಳು. ನಾನಾದರೂ ಕೇಳುತ್ತಿದ್ದೆನಾ? ಇಲ್ಲ. ಎಪ್ಪತ್ತು ವರ್ಷದ ಹಣ್ಣು ಮುದುಕಿಯ ಹತ್ತಿರ ನಾವು ಆಶೀರ್ವಾದ ಕೇಳುತ್ತೇವೆ, ಕಲ್ಲಿನ ಜಾತಿ ಕೇಳುವುದಿಲ್ಲ.

ಅವನು ಹೆಲ್ಮೆಟ್ ಹಾಕಿಕೊಂಡು, ಪೈಪಿನ ತುದಿಯ ನಾಝಲ್ಲನ್ನು ಕಲ್ಲಿನ ಮುಖಕ್ಕೆ ಹಿಡಿದ. ಇನ್ನಷ್ಟು ಜೋಪಾನ ಇರಲಿ ಅಂತ ಒಂದು ಮಾರು ದೂರ ನಿಂತ. ಈರುಳ್ಳಿಯ ಹಾಗೆ ಪದರ ಪದರವಾಗಿ ಬಣ್ಣ ಬಿಡುತ್ತಾ ಬಂತು. ಗುಲಾಬಿ ಹೋಯಿತು, ಹಳದಿ ಬಂತು. ಹಳದಿ ಹೋಗಿ ಹಸಿರು. ಯಾವ ವರ್ಷ ಯಾರು ಹಚ್ಚಿದ್ದೋ. ಕೊನೆಗೆ ಸುಣ್ಣದ ಪದರ ಬಂತು. ಬೆಳ್ಳಗಿನ ಧೂಳು ಎದ್ದಿತು. ಇನ್ನೇನು, ಈ ಸುಣ್ಣ ಒಂದು ಹೋದರೆ ಮುಖ, ಅಂತ ಅವನ ಎದೆ ಹೊಡೆದುಕೊಂಡಿತು.

ಸುಣ್ಣದ ಧೂಳೂ ಬಿಳಿ. ಬಳಪದ ಕಲ್ಲಿನ ಧೂಳೂ ಬಿಳಿಯೇ.

ಸುಣ್ಣ ಮುಗಿದದ್ದು ಎಲ್ಲಿ, ಕಲ್ಲು ಶುರುವಾದದ್ದು ಎಲ್ಲಿ, ಆ ಮೋಡದೊಳಗೆ ಅವನಿಗೆ ಕಾಣಲಿಲ್ಲ. ಗಟ್ಟಿ ಕಲ್ಲಿಗೆ ಮರಳು ತಗುಲಿದರೆ ಒಂದು ಸದ್ದು, ಮೆತ್ತನೆಯದಕ್ಕೆ ಇನ್ನೊಂದು. ಹೆಲ್ಮೆಟ್ಟಿನ ಒಳಗೆ ಅದೂ ಕೇಳಲಿಲ್ಲ. ಸುಣ್ಣ ಬಹಳ ದಪ್ಪ ಇದೆ ಅಂದುಕೊಂಡ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಕೈ ಆಡಿಸುತ್ತಲೇ ಇದ್ದ. ಎಲ್ಲ ಸೇರಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ತಮ್ಮಾ, ಜಾಸ್ತಿ ಇಲ್ಲ. ಒಬ್ಬ ತಂದೆಯ ಆರು ತಿಂಗಳು ಅಷ್ಟರಲ್ಲಿ ಹೋಯಿತು.

ಗಾಳಿ ನಿಲ್ಲಿಸಿದ. ಧೂಳು ಕೂತಿತು. ಹೆಲ್ಮೆಟ್ ತೆಗೆದು ನೋಡಿದ.

ಮೂಗು ಇರಲಿಲ್ಲ. ತುಟಿ ಇರಲಿಲ್ಲ. ಕಣ್ಣಿನ ಜಾಗದಲ್ಲಿ ಎರಡು ತಗ್ಗು. ಉಳಿದದ್ದೆಲ್ಲ ತರಿತರಿಯಾದ ಒಂದು ಬೋಳು ಕಲ್ಲು. ಅದರ ಮೈಯೆಲ್ಲ ಮರಳಿನ ಕಾಳು ಕಚ್ಚಿದ ಗುಳಿಗಳು, ಸಣ್ಣವು, ದೊಡ್ಡವು, ಲೆಕ್ಕವಿಲ್ಲದಷ್ಟು.

ಅವನು ಬಗ್ಗಿ ಕೆಳಗೆ ಬಿದ್ದ ಪುಡಿಯನ್ನು ಬೆರಳಿನಲ್ಲಿ ಉಜ್ಜಿದ. ಸೋಪಿನ ಹಾಗೆ ಜಾರಿತು. ಆಗ ತಿಳಿಯಿತು ಯಾವ ಕಲ್ಲು ಅಂತ. ಉಗುರಿನ ಮಾತೂ ಆಗಲೇ ತಿಳಿಯಿತು. ಅಯ್ಯೋ ಅಂದನಂತೆ. ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಆ ಬಿಳಿ ಪುಡಿಯನ್ನು ಎರಡೂ ಕೈಯಿಂದ ಗುಡ್ಡೆ ಮಾಡತೊಡಗಿದ, ಮತ್ತೆ ಅಂಟಿಸುವವನ ಹಾಗೆ. ಐದು ಅಂತಸ್ತಿನ ಎತ್ತರದ ಗೇಟಿಗೆ ಹಗ್ಗದಲ್ಲಿ ನೇತಾಡಿ ಕೆಲಸ ಮಾಡಿದ ಗಂಡಸು. ಎಂಟು ವರ್ಷದ ಹುಡುಗನ ಹಾಗೆ ಅತ್ತ.

ಕಂಪ್ರೆಸರು ನಿಂತ ಸದ್ದಿಗೆ ಹಂಪಮ್ಮ ಮರದ ಕೆಳಗಿಂದ ಎದ್ದಳು. ಬೀಸುಗಾಲು ಹಾಕುತ್ತಾ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು, ಮದುವೆ ಮನೆಗೆ ಬರುವವಳ ಹಾಗೆ.

"ಬಂದ್ಲಾ?" ಅಂದಳು.

ಹೊನ್ನೂರಪ್ಪ ಏಳಲಿಲ್ಲ. ಓಡಿಹೋಗೋಣ ಅನ್ನಿಸಿತಂತೆ. ಹೇಳಿಬಿಡೋಣ ಅನ್ನಿಸಿತಂತೆ. ಎರಡೂ ಆಗಲಿಲ್ಲ. ಅವಳು ಅವನ ಭುಜ ಹಿಡಿದುಕೊಂಡು ಕಲ್ಲಿನ ಹತ್ತಿರ ಬಗ್ಗಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಆ ಕಣ್ಣಿಗೆ ಎಷ್ಟು ಕಂಡಿತೋ, ಏನು ಕಂಡಿತೋ. ಆಮೇಲೆ ಕಣ್ಣು ಮುಚ್ಚಿ ಬೆರಳಿಟ್ಟಳು.

ಹಣೆಯಿಂದ ಶುರು ಮಾಡಿದಳು. ಮೂಗು ಇರಬೇಕಾದ ಜಾಗಕ್ಕೆ ಬಂದಳು. ಅಲ್ಲಿ ಬೆರಳು ಒಂದು ಸಲ ನಿಂತಿತು. ಮತ್ತೆ ಹಣೆಗೆ ಹೋಗಿ ಮತ್ತೆ ಕೆಳಗೆ ಬಂತು. ತುಟಿಯ ಜಾಗ, ಗದ್ದದ ಜಾಗ. ಎರಡು ಕೈಯಿಂದಲೂ ತಡವಿದಳು. ಬಹಳ ಹೊತ್ತು ತಡವಿದಳು. ಹೊನ್ನೂರಪ್ಪ ಉಸಿರು ಬಿಗಿಹಿಡಿದು ಕೂತಿದ್ದ. ಅವಳ ಕಾಲಿನ ಹತ್ತಿರ ಅವನ ಬಿಕ್ಕು ಒಂದು ಹೊರಗೆ ಬಂತು.

ಅವಳ ಬೆರಳು ಎಡಗೆನ್ನೆಯ ಕಡೆಗೆ ಸರಿದು ಒಂದು ಗುಳಿಯ ಮೇಲೆ ನಿಂತಿತು.

"ಇಗೋ, ಇಲ್ಲೈತೆ" ಅಂದಳು. "ಸೋಮಿ ಗುಳಿ. ಹಂಗೇ ಐತೆ ನೋಡಪ್ಪ. ನನ್ನ ಮಗಳು ಬಂದ್ಲು. ನೀನು ಕರ್ಕೊಂಡು ಬಂದೆ."

ಸೋಮಕ್ಕನ ಗುಳಿ ಇದ್ದದ್ದು ಬಲಗೆನ್ನೆಯಲ್ಲಿ. ಅದು ಹೊನ್ನೂರಪ್ಪನಿಗೆ ಗೊತ್ತು, ಆರು ದಿನ ನೋಡಿದ್ದಾನೆ. ಅವಳು ಬೆರಳಿಟ್ಟದ್ದು ಅವನ ಮರಳು ಕಚ್ಚಿದ ಗುಳಿಯ ಮೇಲೆ. ಪಾಪ, ಮುದುಕಿಗೆ ಎಡ ಯಾವುದು ಬಲ ಯಾವುದು ಅಂತ ಮರೆತಿದೆ ಅಂದುಕೊಂಡ. ಅವಳು ಹೋಗಿ ಮನೆಯಿಂದ ಒಂದು ಚೊಂಬು ಗಂಜಿ ತಂದಳು.

"ಬೆಳಿಗ್ಗಿಂದ ಉಪವಾಸ ಇದ್ದೀಯ. ಕುಡಿ" ಅಂದಳು.

ಅವಳು ಎದುರಿಗೆ ಕೂತು ಚೊಂಬು ಖಾಲಿ ಆಗುವ ತನಕ ಏಳಲಿಲ್ಲ.

ಊರಿಗೆ ಏನೂ ನಷ್ಟವಾಗಲಿಲ್ಲ. ಹಿರಿಯರು ಬಂದು ನೋಡಿದರು. ದೇವಿ ತನ್ನ ರೂಪವನ್ನು ತಾನೇ ಒಳಗೆ ಎಳೆದುಕೊಂಡಿದ್ದಾಳೆ ಅಂದರು. ಒಂದು ತಿಂಗಳಲ್ಲಿ ಬೆಳ್ಳಿಯ ಮುಖವಾಡ ಮಾಡಿಸಿ ಹಾಕಿದರು. ಮೊದಲಿಗಿಂತ ಜನ ಜಾಸ್ತಿಯಾದರು.

ಹೊನ್ನೂರಪ್ಪ ಮಾತ್ರ ಅಲ್ಲಿಂದ ತಿಂಗಳಿಗೊಮ್ಮೆ ಆ ಊರಿಗೆ ಹೋಗತೊಡಗಿದ. ಪ್ರತಿ ಸಲವೂ ಹೇಳಬೇಕು ಅಂತ ಹೋಗುವನು, ಹೇಳದೆ ಬರುವನು. ಹೋದ ಕೂಡಲೇ ಹಂಪಮ್ಮ ಅವನ ಕೈ ಹಿಡಿದುಕೊಂಡು ಗೂಡಿಗೆ ನಡೆಯುವಳು. ಪೂಜಾರಿಯಿಂದ ಮುಖವಾಡ ತೆಗೆಸುವಳು. ಎಡಗೆನ್ನೆಯ ಗುಳಿಯ ಮೇಲೆ ಬೆರಳಿಟ್ಟು, "ನಿನ್ನಿಂದ ಸಿಕ್ಕಳಪ್ಪ" ಅನ್ನುವಳು. ಆ ಮೇಲೆ ಮನೆಗೆ ಕರೆದೊಯ್ದು ಉಣ್ಣಲು ಇಡುವಳು. ಒಂದು ಸಲ ಪೂಜಾರಿ ಹೊನ್ನೂರಪ್ಪನಿಗೆ ಹೇಳಿದ. "ನೀನು ಬಂದಾಗ ಮಾತ್ರ ಮುದುಕಿ ಇಲ್ಲಿಗೆ ಬರ್ತಾಳೆ ನೋಡು. ಬಾಕಿ ದಿನ ಈ ಕಡೆ ತಲೆ ಹಾಕಲ್ಲ." ಕಣ್ಣಿಲ್ಲದವಳು, ಕೈ ಹಿಡಿಯಲು ಯಾರಾದರೂ ಬೇಕಲ್ಲ, ಅದಕ್ಕೇ ಅಂತ ಹೊನ್ನೂರಪ್ಪ ತಿಳಿದುಕೊಂಡ.

ಎರಡು ವರ್ಷ ಹೀಗೇ ನಡೆಯಿತು. ಒಂದು ಮಾಘದಲ್ಲಿ ಹಂಪಮ್ಮ ತೀರಿಕೊಂಡಳು. ಹೊನ್ನೂರಪ್ಪನೇ ಹೆಗಲು ಕೊಟ್ಟ. ವಾಪಸ್ಸು ಬಂದವನು ತನ್ನ ದಪ್ಪ ಪುಸ್ತಕವನ್ನು ಒಲೆಗೆ ಹಾಕಿದ. ಅಲ್ಲಿಂದ ಮುಂದೆ ಯಾವ ಕೆಲಸವೇ ಇರಲಿ, ಕಬ್ಬಿಣವೇ ಇರಲಿ, ಮೊದಲು ಉಗುರಿನಿಂದ ಕೆರೆದು, ಬರಿಗೈಯಿಂದ ತಡವಿ, ಆ ಜಾಗದ ಹಳಬರನ್ನು ಕರೆದು ಕೇಳದೆ ಅವನು ಗಾಳಿ ಬಿಡಲಿಲ್ಲ. ನಾವೆಲ್ಲ ನಗುತ್ತಿದ್ದೆವು, ಮೇಸ್ತ್ರಿ ಕಬ್ಬಿಣಕ್ಕೆ ನಾಡಿ ನೋಡುತ್ತಾನೆ ಅಂತ. ನಾನೂ ನಕ್ಕಿದ್ದೇನೆ. ಈ ಕತೆ ಅವನು ನನಗೆ ಹೇಳಿದ್ದು ಸಾಯುವ ಮುಂಚೆ, ಆಸ್ಪತ್ರೆಯ ಮಂಚದ ಮೇಲೆ. ಹೇಳಿ ಗೋಡೆ ಕಡೆ ತಿರುಗಿ ಮಲಗಿದ.

ಮಾರೆಪ್ಪ ಮೇಸ್ತ್ರಿ ಕತೆ ನಿಲ್ಲಿಸಿ, ಪಕ್ಕದಲ್ಲಿದ್ದ ನಾಝಲ್ ಎತ್ತಿಕೊಂಡು ಅದರ ಬಾಯನ್ನು ಹೆಬ್ಬೆರಳಿನಿಂದ ಒರೆಸಿದರು. ದುರುಗೇಶ ಪುಸ್ತಕವನ್ನು ಯಾವಾಗಲೋ ಮುಚ್ಚಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಏನಾದರೂ ಸಮಾಧಾನದ ಮಾತು ಹೇಳಬೇಕೆಂದು ಅವನಿಗೆ ತೋರಿತು.

"ಒಂದು ಲೆಕ್ಕದಲ್ಲಿ ಆಕೆಗೆ ಕಣ್ಣು ಮಂಜಾಗಿದ್ದದ್ದೇ ಒಳ್ಳೇದಾಯ್ತು, ಗುರುಗಳೇ" ಎಂದ. "ಪಾಪ, ಮಗಳ ಮುಖ ಹೋಯ್ತು ಅಂತ ಆಕೆಗೆ ಕೊನೇತನಕ ಗೊತ್ತಾಗಲಿಲ್ಲ."

ಮೇಸ್ತ್ರಿ ಎದ್ದು ನಿಂತರು.

"ಮಂಜಾಗಿದ್ದು ಕಣ್ಣು ಕಣೋ, ಬೆರಳಲ್ಲ. ಎದುರಿಗೆ ಕೂತು ಅಳುತ್ತಿದ್ದವನು ಯಾವ ಕಲ್ಲು, ಎಷ್ಟು ತಡೆಯುತ್ತಾನೆ ಅಂತ ಆಕೆ ಮುಟ್ಟಿ ನೋಡಿದ್ದಳು."